ಆಯಿಯ ಉಗಿಬಂಡಿ, ದೇವಮ್ಮನ ಗದ್ದೆ

ನಮ್ಮ ಮನೆಯ ಪಡಸಾಲೆಯ ಗೋಡೆಗೆ ಒಂದು ರೈಲಿನ ಫೋಟೊ ತೂಗುಹಾಕಿದ್ದೇನೆ. ತೆಗೆದವಳು ನಾನೇ, ಕಟ್ಟು ಹಾಕಿಸಿದವಳೂ ನಾನೇ, ಬಂದವರನ್ನು ಸರಿಯಾಗಿ ಅದರ ಎದುರಿನ ಕುರ್ಚಿಯಲ್ಲೇ ಕೂರಿಸುವವಳೂ ನಾನೇ. ಇಷ್ಟೆಲ್ಲ ಏರ್ಪಾಡು ಮಾಡಿದ ಮೇಲೂ ಇಲ್ಲಿಯವರೆಗೆ ಒಬ್ಬರಾದರೂ 'ರೈಲು ಚೆನ್ನಾಗಿ ಬಂದಿದೆ' ಅಂದವರಿಲ್ಲ. ಚಹಾದ ಕಪ್ಪು ಹಿಡಿದುಕೊಂಡು, ಕಣ್ಣು ಕಿರಿದು ಮಾಡಿ, 'ಇದೆಂಥದೇ ಇಷ್ಟೊಂದು ಚಪ್ಪಲಿ?' ಎಂದು ಕೇಳುತ್ತಾರೆ.

ಕೇಳುವುದರಲ್ಲಿ ತಪ್ಪೇನಿಲ್ಲ. ಫೋಟೊದ ಕೆಳಗಡೆ ಅರ್ಧದಷ್ಟು ಜಾಗವನ್ನು ಚಪ್ಪಲಿಗಳೇ ಹಿಡಿದಿವೆ. ಹಿಮ್ಮಡಿ ಸವೆದ ರಬ್ಬರ್ ಚಪ್ಪಲಿ, ಹುಡುಗರ ದಪ್ಪ ಅಟ್ಟೆಯ ಬೂಟು, ಯಾರೋ ಹೆಂಗಸು ಮದುವೆಗೆಂದು ಹಾಕಿಕೊಂಡು ಹೊರಟು ದಾರಿ ತಪ್ಪಿ ಬಂದಂತಿರುವ ಬಂಗಾರದ ಬಣ್ಣದ ಚಪ್ಪಲಿ. ಎಡಗಡೆ ಯಾರದೋ ಒಂದು ಮೊಣಕೈ. ಅವುಗಳಾಚೆ ಹಸಿರು ಗದ್ದೆ. ಗದ್ದೆಯ ಆಚೆ, ಗುಡ್ಡದ ಬುಡದಲ್ಲಿ, ಬೆರಳುದ್ದದ ರೈಲು. ನೋಡಿದವರಿಗೆ ಇದು ಯಾವುದೋ ದೇವಸ್ಥಾನದ ಹೊರಗೆ ನಿಂತು ತೆಗೆದದ್ದು ಅನ್ನಿಸುತ್ತದೆ. ನನ್ನ ನಾದಿನಿಯಂತೂ 'ದೇವರ ದರ್ಶನ ಆಗ್ಲಿಲ್ಲ, ಚಪ್ಪಲಿಗೇ ಕೈ ಮುಗಿದು ಬಂದ್ಯಾ?' ಎಂದು ನಕ್ಕಳು.

ದರ್ಶನ ಆಯಿತು. ಅದನ್ನೇ ಹೇಳಲು ಹೊರಟೆ. ಆದರೆ ನೇರವಾಗಿ ಹೇಳಿ ಮುಗಿಸುವ ಅಭ್ಯಾಸ ನನಗಿಲ್ಲ, ನೀವು ಸ್ವಲ್ಪ ಆರಾಮಾಗಿ ಕುಳಿತುಕೊಳ್ಳಿ.

ನಾನು ಕಾರವಾರದ ಒಂದು ಕಚೇರಿಯಲ್ಲಿ ಗುಮಾಸ್ತೆ. ವಾರದ ದಿನಗಳಲ್ಲಿ ಫೈಲುಗಳ ನಡುವೆ ಇರುತ್ತೇನೆ, ರವಿವಾರ ರೈಲಿನ ಹಿಂದೆ ಬೀಳುತ್ತೇನೆ. ಒಂದು ಹಳೆಯ ಕ್ಯಾಮೆರಾ, ಒಂದು ಛತ್ರಿ, ಒಂದು ಡಬ್ಬಿ ಅವಲಕ್ಕಿ ಕಟ್ಟಿಕೊಂಡು ಹಾರವಾಡ, ಅಂಕೋಲೆ ಅಂತ ಅಲೆಯುತ್ತೇನೆ. ಐವತ್ತು ದಾಟಿದ ಹೆಂಗಸು ರೈಲಿನ ಫೋಟೊ ತೆಗೆಯುವುದನ್ನು ಊರಿನವರು ಮೊದಮೊದಲು ಮರೆಯಲ್ಲಿ ನಿಂತು ನೋಡುತ್ತಿದ್ದರು. ಈಗ ಎದುರೇ ಬಂದು, 'ಇವತ್ತು ಬಂತಾ ನಿಮ್ದು?' ಎಂದು ವಿಚಾರಿಸುತ್ತಾರೆ. ರೈಲು ತಡವಾದರೆ ನನ್ನನ್ನೇ ಸಂತೈಸುತ್ತಾರೆ.

ಹಳಿಯ ಹತ್ತಿರ ಮಾತ್ರ ನಾನು ಹೋಗುವುದಿಲ್ಲ. ಅದು ಕಾನೂನು ಅಂತಷ್ಟೇ ಅಲ್ಲ. ಹತ್ತಿರದಿಂದ ರೈಲು ಚೆಂದ ಕಾಣುವುದೇ ಇಲ್ಲ, ಬರೀ ಕಬ್ಬಿಣ ಮತ್ತು ಗಾಳಿ. ರೈಲು ರೈಲಿನಂತೆ ಕಾಣಬೇಕಾದರೆ ನಡುವೆ ಒಂದು ಗದ್ದೆಯಾದರೂ ಬೇಕು. ಹಾಗಾಗಿ ನನ್ನ ಫೋಟೊಗಳೆಲ್ಲ ಕಂಡವರ ಗದ್ದೆಯ ಉಪಕಾರದಲ್ಲೇ ಆದವು. ಆ ಗದ್ದೆಯವರು ಮುಖ ಸಿಂಡರಿಸದ ಹಾಗೆ ನಡೆದುಕೊಳ್ಳುವುದೇ ಈ ಹವ್ಯಾಸದ ಮುಕ್ಕಾಲು ಪಾಲು ಕೆಲಸ. ಉಳಿದ ಕಾಲು ಪಾಲು ಕ್ಯಾಮೆರಾದ್ದು, ಅದು ನನಗೆ ಇನ್ನೂ ಪೂರ್ತಿ ಬಂದಿಲ್ಲ.

ಈ ಹುಚ್ಚು ಹಿಡಿಸಿದವಳು ಆಯಿ. ಆಯಿ ಅಂದರೆ ನನ್ನ ತಾಯಿ. ನಮ್ಮದು ಅಮದಳ್ಳಿಯ ಮೀನುಗಾರರ ಮನೆ. ನಾನು ಚಿಕ್ಕವಳಿದ್ದಾಗ ನಮ್ಮ ಕಡೆ ರೈಲೇ ಇರಲಿಲ್ಲ. ಶಾಲೆಯ ಪುಸ್ತಕದಲ್ಲಿ ಉಗಿಬಂಡಿಯ ಚಿತ್ರವೊಂದಿತ್ತು. ಮಾಸ್ತರರೂ ಕಂಡವರಲ್ಲ. 'ಬಸ್ಸಿನ ಹಾಗೇ, ಆದ್ರೆ ಉದ್ದ' ಎಂದು ಹೇಳಿ ಮುಂದಿನ ಪುಟಕ್ಕೆ ಹೋಗಿಬಿಟ್ಟರು. ಇಡೀ ಕೇರಿಯಲ್ಲಿ ಉಗಿಬಂಡಿ ನೋಡಿದವಳು ಆಯಿ ಒಬ್ಬಳೇ. ಮದುವೆಯಾದ ಹೊಸದರಲ್ಲಿ ಅಪ್ಪನ ಜೊತೆ ಒಣಮೀನಿನ ವ್ಯಾಪಾರಕ್ಕೆಂದು ಹುಬ್ಬಳ್ಳಿಗೆ ಹೋದವಳು ಅಲ್ಲಿ ನೋಡಿ ಬಂದಿದ್ದಳು.

ಸಂಜೆ ನಾವು ಮೂರು ಮಕ್ಕಳು ಚಾಪೆಯ ಮೇಲೆ ಸಾಲಾಗಿ ಕುಳಿತರೆ ಆಯಿಯ ಉಗಿಬಂಡಿ ಹೊರಡುತ್ತಿತ್ತು. 'ಬಚ್ಚಲ ಹಂಡೆ ತಳ ನೋಡೀರಲ್ಲ, ಹಂಗೇ ಕಪ್ಪು' ಎಂದು ಶುರು. ಅದು ಆನೆಯ ಹಾಗೆ ಸೊಂಡಿಲು ಹಚ್ಚಿ ನೀರು ಕುಡಿಯುತ್ತಿತ್ತು. ಉಗುಳಿದ ಹೊಗೆ ಆಯಿಯ ಮದುವೆಯ ಸೀರೆಗೆ ತಾಗಿ ಸೆರಗಿನ ತುದಿಯಲ್ಲಿ ಕಪ್ಪು ಕಲೆಯಾಗಿತ್ತು. ಆ ಸೀರೆಯನ್ನು ಪೆಟ್ಟಿಗೆಯಿಂದ ತೆಗೆದು ಕಲೆಯನ್ನು ತೋರಿಸುತ್ತಲೂ ಇದ್ದಳು. ನಾವು ಅದನ್ನು ಮೂಸುತ್ತಿದ್ದೆವು. ನನಗಂತೂ ಹೊಗೆಯ ವಾಸನೆ ಬಂದೇ ಬರುತ್ತಿತ್ತು.

ಇಂಜಿನ್ ಆದ ಮೇಲೆ ಡಬ್ಬಿಗಳು. ಒಂದು ಡಬ್ಬಿಯ ತುಂಬ ಮದುಮಕ್ಕಳು, ಒಂದರ ತುಂಬ ಸಕ್ಕರೆ. ಒಂದರಲ್ಲಿ ವಾದ್ಯದವರು, ಅವರು ನಿದ್ದೆಯಲ್ಲೂ ಊದುತ್ತಾರೆ. ಒಂದರಲ್ಲಿ ಬರೀ ಆಡುಗಳು, ಟಿಕೇಟು ಕೇಳಿದರೆ ಟಿಕೇಟನ್ನೇ ತಿನ್ನುತ್ತವೆ. ಆಯಿಯ ರೈಲಿಗೆ ಡಬ್ಬಿಗಳ ಲೆಕ್ಕ ಒಂದೇ ಇರಲಿಲ್ಲ. ಕೆಲವು ದಿನ ನಾಲ್ಕೈದು ಡಬ್ಬಿಗೇ ಸ್ಟೇಶನ್ ಬಂದುಬಿಡುತ್ತಿತ್ತು. ಗಾಳಿ ಎದ್ದ ದಿನಗಳಲ್ಲಿ ರೈಲು ಮುಗಿಯುವುದೇ ಇಲ್ಲ. ಮೂವತ್ತಾದರೂ ಡಬ್ಬಿ, ನಲವತ್ತಾದರೂ ಡಬ್ಬಿ. ತಮ್ಮ ಅಲ್ಲೇ ನಿದ್ದೆಹೋಗುತ್ತಿದ್ದ, ನಾನು ಮಾತ್ರ ಕಣ್ಣು ಬಿಟ್ಟುಕೊಂಡು 'ಆಮೇಲೆ?' ಅನ್ನುತ್ತಿದ್ದೆ. ಅಷ್ಟರಲ್ಲಿ ಹೊರಗೆ ಅಪ್ಪ ದೋಣಿಯ ಹುಟ್ಟು ಗೋಡೆಗೆ ಆನಿಸಿಡುವ ಸದ್ದು. 'ಹಾಂ, ಬಂತು ಸ್ಟೇಶನ್' ಎಂದು ಆಯಿ ಎದ್ದು ಒಲೆಯ ಕಡೆ ನಡೆಯುತ್ತಿದ್ದಳು. ಅಪ್ಪ ಮೈ ಒರೆಸಿಕೊಳ್ಳುತ್ತಾ 'ರೈಲು ಮುಟ್ತಾ ಮಕ್ಕಳೇ?' ಎಂದು ಕೇಳುತ್ತಿದ್ದ. ಅಪ್ಪ ಈಗಿಲ್ಲ. ವಯಸ್ಸಾಗಿ, ತನ್ನ ಹಾಸಿಗೆಯಲ್ಲಿ ಮಲಗಿ, ನಮ್ಮೆಲ್ಲರ ಹತ್ತಿರ ಮಾತಾಡಿಯೇ ಹೋದ.

ಕೊನೆಗೆ ನಮ್ಮ ಕಡೆಗೂ ರೈಲು ಬಂತು. ನಾನು ಓಡಿಹೋಗಿ ನೋಡಿದೆ. ಡೀಸೆಲ್ ಇಂಜಿನ್. ಹೊಗೆ ಇತ್ತು, ಆದರೆ ಲಾರಿಯ ಹೊಗೆ. ಆಮೇಲೆ ತಂತಿ ಎಳೆದರು, ಕರೆಂಟಿನ ಇಂಜಿನ್ ಬಂತು. ಅದಕ್ಕೆ ಹೊಗೆಯೂ ಇಲ್ಲ, ಪಾಪ, ಸುಮ್ಮನೆ ಬಂದು ಸುಮ್ಮನೆ ಹೋಗುತ್ತದೆ. ನಮ್ಮ ಮಾರ್ಗದ ಒಂದು ಚೆಂದವೆಂದರೆ ಇಲ್ಲಿ ಲಾರಿಗಳೂ ರೈಲು ಹತ್ತುತ್ತವೆ. ಸಾಮಾನು ತುಂಬಿದ ಲಾರಿಗಳನ್ನು ಚಪ್ಪಟೆ ವ್ಯಾಗನ್‌ಗಳ ಮೇಲೆ ಸಾಲಾಗಿ ನಿಲ್ಲಿಸಿ ಒಯ್ಯುತ್ತಾರೆ. ಡ್ರೈವರುಗಳು ಸ್ಟೇರಿಂಗ್ ಮೇಲೆ ಕಾಲು ಚಾಚಿ ಊರು ನೋಡುತ್ತಾ ಹೋಗುತ್ತಾರೆ. ಇಂಥ ಲಾರಿ ರೈಲಿನ ಫೋಟೊಗಳು ನನ್ನ ಹತ್ತಿರ ಬೇಕಾದಷ್ಟಿವೆ. ಇಲ್ಲದ್ದು ಒಂದೇ, ಉಗಿಬಂಡಿ. ನಮ್ಮ ಹಳಿಗಳ ಮೇಲೆ ಅದು ಒಂದು ದಿನವೂ ಓಡಿದ್ದಿಲ್ಲ. ನಮ್ಮೂರ ಗದ್ದೆಯ ಆಚೆ ಆಯಿಯ ಉಗಿಬಂಡಿ ಹೋಗುತ್ತಿರುವ ಒಂದು ಫೋಟೊ ತೆಗೆದು ಅವಳ ಕೈಗಿಡಬೇಕು ಎಂಬ ಆಸೆಯನ್ನು ನಾನು ಯಾರಿಗೂ ಹೇಳದೆ ಸಾಕಿಕೊಂಡಿದ್ದೆ.

ಹೋದ ಮಳೆಗಾಲದ ಕೊನೆಗೆ, ಕಚೇರಿ ಬಿಟ್ಟು ಬರುತ್ತಿದ್ದಾಗ, ಸ್ಟೇಶನ್ನಿಗೆ ರಿಕ್ಷಾ ಹೊಡೆಯುವ ಪಾಂಡುರಂಗ ಗಾಡಿ ನಿಲ್ಲಿಸಿ, 'ಶಾಂತಕ್ಕಾ, ಹತ್ತಿ ಮೊದ್ಲು. ಇಂಥಾ ಸುದ್ದಿ ನಿಂತು ಕೇಳೂದಲ್ಲ' ಎಂದ. ಹತ್ತಿದೆ.

'ಉಗಿಬಂಡಿ ಬತ್ತದಂತೆ! ಇದೇ ರವಿವಾರ, ಬೆಳಿಗ್ಗೆ. ಯಾವ್ದೋ ಊರಿನ ಸ್ಟೇಶನ್ ಎದ್ರಿಗೆ ಚೆಂದಕ್ಕೆ ನಿಲ್ಸೂಕೆ ಒಯ್ತಾರಂತೆ. ನಮ್ ಲೈನ್ ಮೇಲೇ ಹೋತದೆ.'

'ಸುಳ್ಳಲ್ಲ ತಾನೆ?'

'ಅಕ್ಕಾ, ಸ್ಟೇಶನ್ ಸಾಹೇಬ್ರೇ ಚಾ ಕುಡೀತಾ ಹೇಳದ್ದು. ನಾನು ಬಿಸ್ಕೂಟು ಹಿಡ್ಕಂಡು ಅಲ್ಲೇ ನಿಂತಿದ್ದೆ.'

ಇಷ್ಟು ಗಟ್ಟಿ ಸಾಕ್ಷಿ ಸಿಕ್ಕ ಮೇಲೆ ನನಗೆ ಆ ರಾತ್ರಿ ಊಟ ಸೇರಲಿಲ್ಲ. ಆಯಿಗೆ ಹೇಳಿದರೆ ಕುಣಿದಾಡುತ್ತಾಳೆ ಅಂದುಕೊಂಡಿದ್ದೆ. ಅವಳು ಬಂಗಡೆ ಹೆಚ್ಚುತ್ತಿದ್ದ ಕೈ ನಿಲ್ಲಿಸಿ, 'ಈಗ ಎಂತಕೆ ಅದು?' ಎಂದಳು.

'ನೀನು ನೋಡಿದ ಉಗಿಬಂಡಿ ಆಯೀ! ಮತ್ತೊಂದು ಸಲ ನೋಡೂಕೆ ಸಿಗ್ತದೆ.'

'ಬಿಸಿಲು ಇರ್ತದೆ. ನಂಗೆ ಮೊಣಕಾಲು ನೋವು. ನೀನೇ ನೋಡ್ಕಂಡು ಬಾ.'

ಬಂದರಿನಲ್ಲಿ ಈಗಲೂ ಮೀನು ಹರಾಜು ಕೂಗುವಾಗ ಗಂಡಸರನ್ನು ಸರಿಸಿ ಮುಂದೆ ನುಗ್ಗುವ ಮೊಣಕಾಲು ಅದು. ವಯಸ್ಸಾಯಿತು, ಉಮೇದು ಕಡಿಮೆಯಾಯಿತೇನೋ ಎಂದು ಬೇಜಾರಾಯಿತು. ನಾನು ಬಿಡಲಿಲ್ಲ. 'ಶೆಟಗೇರಿ ದೇವಮ್ಮನ ಗದ್ದೆ ಹತ್ರ ಹೋಗೂದು' ಎಂದೆ. ದೇವಮ್ಮನ ಹೆಸರು ಕೇಳಿದ್ದೇ ಆಯಿ ಒಪ್ಪಿದಳು.

ದೇವಮ್ಮನ ವಿಷಯ ಹೇಳಬೇಕು. ನಾನು ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಆಯಿ ಮೀನಿನ ಬುಟ್ಟಿ ಹೊತ್ತು ಬಸ್ಸಿನಲ್ಲಿ ಶೆಟಗೇರಿ ಕಡೆ ಮಾರಲು ಹೋಗುತ್ತಿದ್ದಳು. ರಜೆಯಲ್ಲಿ ಬಾಲದ ಹಾಗೆ ನಾನೂ. ಬಸ್ಸಿಳಿದ ಮೇಲೆ ಮನೆಯಿಂದ ಮನೆಗೆ ಹೋಗಲು ಗದ್ದೆಯ ಬದುವೇ ದಾರಿ. ನಮ್ಮ ಕಡೆ ಅದಕ್ಕೆ ಹಾಳಿ ಅನ್ನುತ್ತಾರೆ. ಹಾಳಿಯ ತಲೆಗೆ ಬಂದ ಕೂಡಲೆ ಆಯಿ ಚಪ್ಪಲಿ ಕಳಚಿ ಅಲ್ಲೇ ಬಿಡುತ್ತಿದ್ದಳು. ನಾನೂ ಬಿಡಬೇಕು. 'ಅವ್ರ ಅನ್ನದ ತಾಟು ಇದು. ತಾಟಿನ ಅಂಚಿನ ಮೇಲೆ ನಡೂವಾಗ ಕಾಲಿಗೆ ಗೊತ್ತಾಗ್ಬೇಕು' ಎನ್ನುತ್ತಿದ್ದಳು. ತಲೆಯ ಮೇಲೆ ಮೀನು ತುಂಬಿದ ಬುಟ್ಟಿ ಇಟ್ಟುಕೊಂಡು, ಅಂಗೈ ಅಗಲದ ಹಾಳಿಯ ಮೇಲೆ, ಒಂದು ಕೈಯಿಂದ ಸೀರೆ ಎತ್ತಿಕೊಂಡು ಅವಳು ನಡೆದರೆ ಒಂದು ಹುಲ್ಲೂ ಬಾಗುತ್ತಿರಲಿಲ್ಲ. ಹಿಂದೆ ಬರುತ್ತಿದ್ದ ನಾನು ಬರಿಗೈಯಲ್ಲಿದ್ದೂ ಜಾರಿ ಕೆಸರಿಗೆ ಬೀಳುತ್ತಿದ್ದೆ. ಆ ವಿದ್ಯೆಯಲ್ಲಿ ನಾನು ಈಗಲೂ ಪಾಸಾಗಿಲ್ಲ.

ಹಾಳಿಯ ಕೊನೆಯ ಮನೆಯೇ ದೇವಮ್ಮನ ತವರು. ಅವಳು ನನ್ನ ಓರಗೆಯವಳು. ಮೀನು ಕೊಟ್ಟರೆ ಅವಳ ತಾಯಿ ಅವಲಕ್ಕಿಯೋ ಗೆಣಸೋ ಶೇಂಗಾವೋ ಬುಟ್ಟಿಗೆ ಸುರಿಯುತ್ತಿದ್ದಳು. ಹರಿದ ಹಳೆಯ ಬಲೆಗಳನ್ನೂ ಆಯಿ ಅವರಿಗೇ ಒಯ್ದು ಕೊಡುತ್ತಿದ್ದಳು. ಅದನ್ನು ಗದ್ದೆಯ ಸುತ್ತ ಕಟ್ಟಿದರೆ ದನ, ಹಂದಿ ನುಗ್ಗುವುದಿಲ್ಲ. ಈಗ ಆ ಗದ್ದೆ ದೇವಮ್ಮನ ಪಾಲಿಗೆ ಬಂದಿದೆ, ಬೇಲಿಗೆ ಈಗಲೂ ನಮ್ಮ ಮನೆಯದೇ ಬಲೆ. ರೈಲಿನ ಹಳಿ ಹೋಗುವುದು ಆ ಗದ್ದೆಯ ಆಚೆ ದಡದಲ್ಲಿ.

ಶನಿವಾರ ಮಧ್ಯಾಹ್ನ ನಾನು ಜಾಗ ನೋಡಲು ಹೋದೆ. ಎಲ್ಲಿ ನಿಲ್ಲಬೇಕು ಎಂದು ಮೊದಲೇ ಮನಸ್ಸಿನಲ್ಲಿ ಗಟ್ಟಿ ಮಾಡಿದ್ದೆ. ಗದ್ದೆಯ ನಟ್ಟನಡುವೆ ಒಂದು ಸಣ್ಣ ದಿಬ್ಬವಿದೆ. ಅಲ್ಲಿ ನಿಂತರೆ ಹಳಿ ತಿರುಗಿ ಬರುವುದು ಪೂರ್ತಿ ಕಾಣುತ್ತದೆ, ಕರೆಂಟಿನ ಕಂಬಗಳು ಅಡ್ಡ ಬರುವುದಿಲ್ಲ, ಹಿಂದೆ ಗುಡ್ಡ, ಮುಂದೆ ಹಸಿರು. ಹಾಳಿಯ ಮೇಲಿಂದಾದರೆ ಕಂಬ, ತಂತಿ, ಒಂದು ಮಾವಿನ ಮರ ಎಲ್ಲ ಅಡ್ಡ. ಕೊಯ್ಲಾದ ಮೇಲೆ ಆ ದಿಬ್ಬದ ಮೇಲೆ ಎಷ್ಟೋ ಸಲ ನಿಂತಿದ್ದೇನೆ, ದೇವಮ್ಮನೇ ಅಲ್ಲಿಗೆ ಚಹಾ ತಂದುಕೊಟ್ಟಿದ್ದಾಳೆ.

ಈ ಸಲ ಅವಳು ತಲೆಯಾಡಿಸಿಬಿಟ್ಟಳು. 'ಇಳೂಕಾಗೂದಿಲ್ಲ ಶಾಂತೆ. ಗದ್ದೆ ಹೊಡೆ ಬಂದದೆ.'

ತೆನೆ ಹೊರಗೆ ಬರುವ ಮುಂಚೆ ಭತ್ತದ ಗಿಡದ ಹೊಟ್ಟೆ ತುಂಬಿಕೊಳ್ಳುತ್ತದೆ, ಅದಕ್ಕೆ ಹೊಡೆ ಎನ್ನುತ್ತಾರೆ. ಆಗ ಗದ್ದೆ ಬಸುರಿ. ಸೀಗೆ ಹುಣ್ಣಿಮೆಗೆ ಅದಕ್ಕೆ ಬಯಕೆಯ ಊಟ ಬಡಿಸುತ್ತಾರೆ. ಅಲ್ಲಿಯವರೆಗೆ ದೇವಮ್ಮನ ಮನೆಯಲ್ಲಿ ಯಾರೂ ಗದ್ದೆಗೆ ಇಳಿಯುವುದಿಲ್ಲ. ಹಾಳಿಯ ಮೇಲೆ ಚಪ್ಪಲಿ ಮೆಟ್ಟುವುದಿಲ್ಲ, ಸಿಳ್ಳೆ ಹಾಕುವುದಿಲ್ಲ, ಗಟ್ಟಿಯಾಗಿ ಕೂಗಿ ಕರೆಯುವುದೂ ಇಲ್ಲ. ಬಸುರಿ ಬೆಚ್ಚಬಾರದು. ನನಗೆ ಇದೆಲ್ಲ ಗೊತ್ತಿತ್ತು. ಆಸೆಯ ಗಡಿಬಿಡಿಯಲ್ಲಿ ತಿಂಗಳು ಯಾವುದು ಎಂಬುದನ್ನೇ ಮರೆತಿದ್ದೆ.

'ನಾನೊಬ್ಳೇ ದೇವಮ್ಮ. ಮೆಲ್ಲಕೆ ಕಾಲಿಡ್ತೆ. ಈ ಬಂಡಿ ಒಂದೇ ಸಲ ಬರೂದು.'

'ಇದೂ ಒಂದೇ ಸಲ ಬರೂದು' ಎಂದು ಅವಳು ಗದ್ದೆಯ ಕಡೆ ಗದ್ದ ಎತ್ತಿ ತೋರಿಸಿದಳು.

ಅವಳ ಮಾತು ಸರಿಯೇ. ಆದರೆ ಸೋಲನ್ನು ಒಪ್ಪಿಕೊಳ್ಳುವ ಬುದ್ಧಿ ಬೇಗ ಬರುವುದಿಲ್ಲವಲ್ಲ. 'ರೈಲು ಇಷ್ಟು ಕೂಗ್ತಾ ಹೋತದಲ್ಲ, ಅದಕ್ಕೆ ಬೆಚ್ಚೂದಿಲ್ವಾ ನಿನ್ನ ಗದ್ದೆ?' ಎಂದೆ.

'ಅದ್ರ ದಾರಿ ಅದು ಹೋತದೆ. ನಮ್ ಗದ್ದೆಗೆ ಇಳೀತದಾ? ಅದ್ಕೆ ಇದ್ದಷ್ಟು ಮರ್ಯಾದೆ ನಿಂಗಿಲ್ಲ' ಎಂದು ನಕ್ಕಳು. ನಕ್ಕರೂ ಮಾತು ಸಡಿಲಾಗಲಿಲ್ಲ. ಆಮೇಲೆ ಪಾಪ ಅನ್ನಿಸಿತೇನೋ, 'ಹಾಳಿ ಮೇಲೆ ನಿಂತ್ಕಾ. ನಾಳೆ ನಾನೂ ಬತ್ತೆ ನೋಡೂಕೆ' ಎಂದಳು.

ಮನೆಗೆ ಬಂದು ನಾನು ಮುಖ ಊದಿಸಿ ಕುಳಿತೆ. ನಿಜವಾಗಿಯೂ ಅಳು ಬಂದಿತ್ತು. ಹತ್ತು ಹೆಜ್ಜೆಯ ದೂರದಲ್ಲಿ ನನ್ನ ಫೋಟೊ ಇದೆ, ಆ ಹತ್ತು ಹೆಜ್ಜೆ ಇಡುವಂತಿಲ್ಲ. ಆಯಿ ಮಾತ್ರ 'ಅವ್ಳು ಹೇಳದ್ದು ಸರಿ ಅದೆ' ಎಂದು ಹೇಳಿ ತಾಟು ಇಟ್ಟಳು. ಅವಳಿಗೆ ಒಳಗೊಳಗೇ ಖುಷಿಯಾದಂತೆಯೂ ಕಂಡಿತು.

ರವಿವಾರ ಬೆಳಿಗ್ಗೆ ಪಾಂಡುರಂಗನ ರಿಕ್ಷಾದಲ್ಲೇ ಹೊರಟೆವು. ಶೆಟಗೇರಿ ಮುಟ್ಟಿ ನೋಡಿದರೆ ರಸ್ತೆಯ ಪಕ್ಕ ಬೈಕುಗಳ ಸಾಲು. ಮೊಬೈಲು ಹಿಡಿದ ಹುಡುಗರು, ಮಕ್ಕಳನ್ನು ಹೆಗಲಿಗೇರಿಸಿಕೊಂಡವರು, ಐಸ್‌ಕ್ಯಾಂಡಿಯವನು ಬೇರೆ. ನಾನು ಪಾಂಡುರಂಗನ ಮುಖ ನೋಡಿದೆ.

'ನಾನು ಯಾರಿಗೂ ಹೇಳ್ಲಿಲ್ಲ ಅಕ್ಕಾ' ಎಂದ. 'ನನ್ ರಿಕ್ಷಾ ಹತ್ತಿದವ್ರಿಗೆ ಮಾತ್ರ.'

ಹಾಳಿಯ ತಲೆಯಲ್ಲಿ ದೇವಮ್ಮ ಒಬ್ಬಳೇ ಎರಡೂ ಕೈ ಚಾಚಿ ನಿಂತಿದ್ದಳು. ಗುಂಪು ಬಲೆಯ ಬೇಲಿಯನ್ನು ಒತ್ತುತ್ತಿತ್ತು. ಬೂಟು ಹಾಕಿದ ಒಬ್ಬ ಹುಡುಗ ಬೇಲಿ ದಾಟಲು ಆಗಲೇ ಒಂದು ಕಾಲು ಎತ್ತಿದ್ದ, ಅವನ ಕಣ್ಣು ನನ್ನದೇ ದಿಬ್ಬದ ಮೇಲಿತ್ತು. ಹಿಂದೆ ಇನ್ನಷ್ಟು ಜನ ಅವನನ್ನೇ ಕಾಯುತ್ತಿದ್ದರು. ಅವನೊಬ್ಬ ಇಳಿದರೆ ಎಲ್ಲರೂ ಇಳಿಯುವವರೇ. ದೇವಮ್ಮ ಕೂಗುವ ಹಾಗೂ ಇಲ್ಲ. ಬಾಯಿ ತೆರೆದು, ಗದ್ದೆಯ ಕಡೆ ನೋಡಿ, ಮತ್ತೆ ಬಾಯಿ ಮುಚ್ಚುತ್ತಿದ್ದಳು. ಅವಳ ಕಣ್ಣಲ್ಲಿ ನೀರಿತ್ತು. ನನ್ನ ಫೋಟೊ ಆ ಕ್ಷಣ ನನಗೆ ಪೂರ್ತಿ ಮರೆತುಹೋಯಿತು.

ಆಯಿ ರಿಕ್ಷಾದಿಂದ ಇಳಿದಳು. ನಮ್ಮ ಆಯಿಯ ಗಂಟಲು ಗೊತ್ತಿಲ್ಲದವರಿಗೆ ಹೇಳುತ್ತೇನೆ. ಅವಳು ಅಮದಳ್ಳಿಯ ದಂಡೆಯಲ್ಲಿ ನಿಂತು ಕೂಗಿದರೆ ದೋಣಿಯಲ್ಲಿದ್ದವರು ತಿರುಗಿ ನೋಡುತ್ತಿದ್ದರು. ಈಗ ಬಾಯಿ ಬಿಡುತ್ತಾಳೆ, ಗದ್ದೆ ಬೆಚ್ಚುತ್ತದೆ ಎಂದು ನಾನು ಅವಳ ಸೆರಗು ಹಿಡಿದೆ. ಅವಳು ಸೆರಗು ಬಿಡಿಸಿಕೊಂಡು, ಚಪ್ಪಲಿ ಕಳಚಿ ಹಾಳಿಯ ತಲೆಯಲ್ಲಿಟ್ಟು, ಆ ಬೂಟಿನ ಹುಡುಗನ ಹತ್ತಿರ ಹೋದಳು. ಅವನ ಕಿವಿಗೆ ಬಾಯಿ ಹಚ್ಚಿ ಪಿಸುಗುಟ್ಟಿದಳು.

'ತಮಾ, ನಿನ್ ಹೆಸ್ರೆಂಥದಾ? ಯಾರ ಮಗ ನೀನು? ಒಳಗೆ ಬಸುರಿ ಮಲಗಿದ್ಲು. ಅವ್ಳ ಹೊಟ್ಟೆ ಮೇಲೆ ಕಾಲಿಡ್ತ್ಯಾ?'

ಹುಡುಗ ಎತ್ತಿದ ಕಾಲನ್ನು ಹಾಗೇ ಗಾಳಿಯಲ್ಲಿ ಹಿಡಿದು ನಿಂತ. ಆಯಿ ಕೂಗಿದರೆ ಮೀನು ಮಾರುವವಳು, ಅಷ್ಟೇ. ಪಿಸುಗುಟ್ಟಿದರೆ ಎಂಥವರಿಗೂ ಹೆದರಿಕೆಯಾಗುತ್ತದೆ ಎಂದು ನನಗೆ ಅವತ್ತೇ ಗೊತ್ತಾದದ್ದು. ಅವನು ಕಾಲು ಹಿಂದಕ್ಕೆ ತೆಗೆದ. ಆಯಿ ಮುಂದಿನವನ ಕಿವಿಗೆ ಹೋದಳು, ಆಮೇಲೆ ಅದರ ಮುಂದಿನವನ ಕಿವಿಗೆ. ಕೇಳಿಸಿಕೊಂಡವರು ಪಕ್ಕದವರಿಗೆ ಪಿಸುಗುಟ್ಟಿದರು. ಮಾತು ಕಿವಿಯಿಂದ ಕಿವಿಗೆ ರಸ್ತೆಯವರೆಗೂ ಹೋಯಿತು. ಐಸ್‌ಕ್ಯಾಂಡಿಯವನು ತನ್ನ ಗಂಟೆಯ ನಾಲಗೆಯನ್ನು ಬೆರಳಿನಿಂದ ಹಿಡಿದುಕೊಂಡ.

'ಚಪ್ಲಿ ಇಲ್ಲಿಡೂದು. ಹಾಳಿ ಮೇಲೆ ಒಬ್ರ ಹಿಂದೆ ಒಬ್ರು. ಮಾತಿಲ್ಲ' ಎಂದು ಆಯಿಯ ಪಿಸುಮಾತಿನ ಆಜ್ಞೆಯಾಯಿತು. ಒಬ್ಬೊಬ್ಬರಾಗಿ ಚಪ್ಪಲಿ ಕಳಚಿದರು. ಬೂಟಿನ ಲೇಸು ಬಿಚ್ಚಲು ಕೆಲವರು ಕುಕ್ಕರಗಾಲಲ್ಲಿ ಕುಳಿತರು. ದೇವಮ್ಮ ಕಣ್ಣೊರೆಸಿಕೊಂಡು ಒಬ್ಬೊಬ್ಬರನ್ನೇ ಎಡಗಡೆಯ ಅಗಲ ಹಾಳಿಗೆ ದಾಟಿಸಿದಳು. ಅಷ್ಟು ಜನ ಬರಿಗಾಲಲ್ಲಿ ಸಾಲಾಗಿ, ಕೈಕಟ್ಟಿ, ಉಸಿರು ಬಿಗಿಹಿಡಿದು ನಿಂತರು. ಇವರನ್ನೆಲ್ಲ ಸಾಲು ಮಾಡಿಸುವುದರಲ್ಲಿ ನನಗೇ ನಿಲ್ಲಲು ಜಾಗ ಉಳಿಯಲಿಲ್ಲ. ಉಳಿದದ್ದು ಒಂದೇ ಜಾಗ, ಚಪ್ಪಲಿಗಳ ಹಿಂದೆ.

ಅಷ್ಟರಲ್ಲಿ ಗುಡ್ಡದ ತಿರುವಿನಲ್ಲಿ ಹಾರ್ನ್ ಕೇಳಿತು. ನಾನು ಕ್ಯಾಮೆರಾ ಕಣ್ಣಿಗೆ ಹಿಡಿದೆ.

ಬಂದದ್ದು ಕರೆಂಟಿನ ಇಂಜಿನ್. ಅದರ ಹಿಂದೆ ಲಾರಿ, ಲಾರಿ, ಲಾರಿ. ನಮ್ಮ ನಿತ್ಯದ ಲಾರಿ ರೈಲು. ಇದು ಹೋಗಲಿ, ನಮ್ಮದು ಹಿಂದೆ ಬರುತ್ತದೆ ಎಂದು ಕ್ಯಾಮೆರಾ ಇಳಿಸಬೇಕು ಅನ್ನುವಷ್ಟರಲ್ಲಿ ಪಾಂಡುರಂಗ ನನ್ನ ತೋಳು ಹಿಂಡಿದ. ನಡುವಿನ ಒಂದು ಉದ್ದ ಲಾರಿಯ ಮೇಲೆ, ಹಗ್ಗ ಸರಪಳಿ ಬಿಗಿಸಿಕೊಂಡು, ಸಣ್ಣ ಕಪ್ಪು ಉಗಿಬಂಡಿಯೊಂದು ಕುಳಿತಿತ್ತು. ಯಾವುದೋ ಗುಡ್ಡಗಾಡಿನ ಕಿರಿದಾದ ಹಳಿಯ ಪುಟಾಣಿ ಇಂಜಿನ್. ಹೊಗೆಯ ಕೊಳವೆಯನ್ನು ಬಿಚ್ಚಿ, ಗೋಣಿಚೀಲ ಸುತ್ತಿ, ಪಕ್ಕದಲ್ಲೇ ಮಲಗಿಸಿದ್ದರು. ಜೀವಮಾನದಲ್ಲಿ ಮೊದಲ ಸಲ ನಮ್ಮ ಊರಿಗೆ ಬಂದ ಉಗಿಬಂಡಿ, ಲಾರಿ ಹತ್ತಿ, ಲಾರಿ ರೈಲು ಹತ್ತಿ, ಕರೆಂಟಿನ ಇಂಜಿನ್ನಿನ ಹಿಂದೆ ಪ್ರವಾಸ ಹೊರಟಿತ್ತು!

ಯಾರೂ ಕೂಗಲಿಲ್ಲ. ಕೂಗುವಂತಿರಲಿಲ್ಲ. ನಗುವಂತೆಯೂ ಇರಲಿಲ್ಲ. ಸಾಲಿನುದ್ದಕ್ಕೂ ಜನ ಬಾಯಿಗೆ ಕೈ ಒತ್ತಿಕೊಂಡು ಅಲುಗಾಡುತ್ತಿದ್ದರು. ಆ ಲಾರಿಯ ಡ್ರೈವರ್ ಲುಂಗಿ ಎತ್ತಿ ಕಟ್ಟಿಕೊಂಡು, ಬಾಗಿಲ ಮೆಟ್ಟಿಲ ಮೇಲೆ ಕುಳಿತು ಹಲ್ಲುಜ್ಜುತ್ತಿದ್ದ. ಅವನಿಗೆ ಕಂಡದ್ದೇನು? ಹಸಿರು ಗದ್ದೆಯ ಆಚೆ, ಚಪ್ಪಲಿ ಕಳಚಿಟ್ಟು, ಬರಿಗಾಲಲ್ಲಿ ಸಾಲಾಗಿ, ಬಾಯಿ ಮುಚ್ಚಿಕೊಂಡು ತನ್ನ ಲಾರಿಗಾಗಿ ನಿಂತ ಜನ. ಅವನು ಬ್ರಶ್ ಬಾಯಿಂದ ತೆಗೆದ. ಎದ್ದುನಿಂತ. ಒಮ್ಮೆ ಹಿಂತಿರುಗಿ ತಾನು ಹೊತ್ತ ಇಂಜಿನ್ ನೋಡಿದ. ಲುಂಗಿ ಇಳಿಬಿಟ್ಟು, ಬಹಳ ಭಕ್ತಿಯಿಂದ ಅದಕ್ಕೆ ಕೈ ಮುಗಿದ.

ಆಗ ನಾನು ಕ್ಲಿಕ್ ಮಾಡಿದೆ. ಆ ಒಂದು ಫೋಟೊ ಬಂತು. ಅದೇ ಗೋಡೆಯ ಮೇಲಿರುವುದು.

ರೈಲಿನ ಬಾಲ ಮಾವಿನ ಮರದ ಹಿಂದೆ ಮರೆಯಾಗುತ್ತಲೇ ಜನ ರಸ್ತೆಗೆ ಓಡಿಹೋಗಿ ಅಲ್ಲಿ ಮನಸಾರೆ ನಕ್ಕರು. ಬೂಟಿನ ಹುಡುಗ ನಗುತ್ತಾ ಒಂದೇ ಕಾಲಿಗೆ ಬೂಟು ಹಾಕಿಕೊಂಡು ಕುಣಿದ. ದೇವಮ್ಮ ತನ್ನ ಗದ್ದೆಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. ಒಂದು ಗಿಡವೂ ಬಾಗಿರಲಿಲ್ಲ. ನನಗೂ ನಗು. ಆದರೆ ಆಯಿಗೆ ಹೇಗಾಯಿತೋ ಎಂದು ನೋಡಿದರೆ, ಅವಳು ಹಾಳಿಯ ಮೇಲೆ ಕಾಲು ಚಾಚಿ ಕುಳಿತು ಏನೋ ಯೋಚಿಸುತ್ತಿದ್ದಳು.

'ಹುಬ್ಬಳ್ಳಿದೂ ಹಿಂಗೇ ಇತ್ತಾ ಆಯೀ?' ಎಂದೆ.

'ಇಷ್ಟ್ ಸಣ್ಣದಿರ್ತದಂತ ನಂಗೆ ಗೊತ್ತೇ ಇರ್ಲಿಲ್ಲ' ಎಂದಳು. ಆಮೇಲೆ, 'ನ್ಯಾಯವಾಗಿ ಹೇಳೂದಾದ್ರೆ ನಾ ನೋಡಿದ್ದೇ ಇವತ್ತು' ಎಂದಳು.

ನಾನೂ ದೇವಮ್ಮನೂ ಅವಳ ಮುಖ ನೋಡಿದೆವು.

'ಹುಬ್ಬಳ್ಳಿಗೆ ಹೋಗಿದ್ ಹೌದು. ಒಣಮೀನು ಮಾರಿ ಮುಗಿಯೂದ್ರೊಳಗೆ ಬಸ್ಸಿನ ಹೊತ್ತಾಯ್ತು. ಸಂತೆಲಿ ಕೂತಾಗ ಎಲ್ಲೋ ದೂರ ಕೂ ಅಂದದ್ದು ಕೇಳ್ತು. ಅಷ್ಟೇಯ.'

'ಮತ್ತೆ ಸೀರೆ ಕಲೆ?'

'ಅದು ನಮ್ ಒಲೆ ಮಸಿ.'

'ಆಯೀ! ಇಷ್ಟು ವರ್ಷ! ನಲವತ್ತು ಡಬ್ಬಿ ಅಂತ ಹೇಳ್ತಿದ್ಯಲ್ಲೇ?'

ಆಯಿ ಹಳಿಯ ಕಡೆ ನೋಡುತ್ತಾ ಹುಲ್ಲಿನ ಒಂದು ಎಸಳು ಕಿತ್ತಳು. 'ಗಾಳಿ ಎದ್ದ ದಿವ್ಸ ನಿಮ್ಮಪ್ಪನ ದೋಣಿ ತಡ ಆಗ್ತಿತ್ತು. ನೀವು ಬಾಗ್ಲಿಗೇ ಬಂದು ಕೂತ್ಕಂಡು ಅಪ್ಪ ಎಲ್ಲಿ, ಅಪ್ಪ ಎಲ್ಲಿ ಅಂತಿದ್ರಿ. ನಾ ಎಂತ ಹೇಳೂದು? ಅವ್ರು ಬರೂತನಕ ಒಂದೊಂದೇ ಡಬ್ಬಿ ಹಚ್ತಾ ಹೋಗ್ತಿದ್ದೆ.'

ನಾನು ಅವಳ ಪಕ್ಕ ಕುಳಿತು ಅವಳ ಭುಜಕ್ಕೆ ತಲೆಯಿಟ್ಟೆ. ಅಳುವೂ ಬಂತು, ಅದಕ್ಕಿಂತ ಹೆಚ್ಚು ಸಂತೋಷವೂ ಬಂತು. ಸಕ್ಕರೆಯ ಡಬ್ಬಿ, ಮದುಮಕ್ಕಳ ಡಬ್ಬಿ, ಟಿಕೇಟು ತಿನ್ನುವ ಆಡುಗಳು, ಎಲ್ಲ ಎಷ್ಟು ದಮ್ಮು ಕಟ್ಟಿ ಓಡಿದ್ದವು! ಒಂದು ಸಂಜೆಯೂ ಸ್ಟೇಶನ್ ಮುಟ್ಟದೆ ಉಳಿದಿರಲಿಲ್ಲ. ದೇವಮ್ಮ ಆಯಿಯ ಚಪ್ಪಲಿಗಳನ್ನು ತಂದು ಅವಳ ಕಾಲ ಹತ್ತಿರ ಇಡಲು ಬಗ್ಗಿದಳು, ಆಯಿ 'ಹಾಳಿ ಮೇಲೆ ಬೇಡ್ವೇ ಮಾರಾಯ್ತಿ' ಎಂದು ಪಿಸುಮಾತಿನಲ್ಲೇ ಗದರಿಸಿದಳು.

ಈಗ ಮನೆಗೆ ಬಂದವರು ಫೋಟೊ ನೋಡಿ ಚಪ್ಪಲಿಗಳ ಬಗ್ಗೆ ಕೇಳಿದಾಗ ನಾನು ಇದನ್ನೆಲ್ಲ ಹೇಳುತ್ತೇನೆ. ಹೇಳಿ ಮುಗಿಸುವ ಹೊತ್ತಿಗೆ ಒಳಗಿಂದ ಆಯಿಯ ಧ್ವನಿ ಬರುತ್ತದೆ. 'ರೈಲಿಗೆ ಡಬ್ಬಿ ಎಷ್ಟಿತ್ತು ಅಂತನೂ ಹೇಳೇ!' ಮೊನ್ನೆ ಪಕ್ಕದ ಮನೆಯ ಹೊಸ ಸೊಸೆ ಬಂದು ಕುಳಿತಿದ್ದಳು. ಅವಳ ಗಂಡನ ಬೋಟು ಹಿಂದಿನ ದಿನವೇ ಬರಬೇಕಿತ್ತು. ಚಹಾ ತಣ್ಣಗಾದರೂ ಅವಳು ಕಪ್ಪು ಎತ್ತಿರಲಿಲ್ಲ, ಕಣ್ಣು ಮತ್ತೆ ಮತ್ತೆ ಬಾಗಿಲ ಕಡೆಗೇ ಹೋಗುತ್ತಿತ್ತು. ನಾನು ಕುರ್ಚಿ ಅವಳ ಹತ್ತಿರ ಎಳೆದುಕೊಂಡು, ಮೊದಲನೆಯ ಡಬ್ಬಿಯಿಂದ ಶುರುಮಾಡಿದೆ.